ರದ್ದಿ ಕಟ್ಟಿನಿಂದ ನಕ್ಷತ್ರ, ಗೋದಲಿ ಮತ್ತು ಒಂದಿಷ್ಟು ಮಾಲೆ

ಈ ಸಲವೂ ಕ್ರಿಸ್ಮಸ್ ಅಲಂಕಾರದ ಸಾಮಾನು ಅಂಗಡಿಯಿಂದ ತರುವುದಿಲ್ಲ. ನಕ್ಷತ್ರ, ಮಾಲೆ, ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಗುಡ್ಡ, ಮರಕ್ಕೆ ತೂಗುಹಾಕುವ ಚೆಂಡು, ಎಲ್ಲ ಮನೆಯಲ್ಲೇ. ಅದೂ ವರ್ಷವಿಡೀ ಮನೆಗೆ ಬಂದು ಬಿದ್ದ ಹಳೆ ಕಾಗದದಿಂದಲೇ. ಕೆಲವು ವರ್ಷಗಳಿಂದ ಹೀಗೇ ನಡೆದಿದೆ. ಹೋದ ವರ್ಷ ನಕ್ಷತ್ರದ ಫೋಟೋ ನೋಡಿದ ತುಂಬಾ ಜನ ಹೇಗೆ ಮಾಡಿದ್ದು ಅಂತ ಕೇಳಿದರು. ಒಬ್ಬೊಬ್ಬರಿಗೆ ವಾಟ್ಸಾಪ್‌ನಲ್ಲಿ ಹೇಳುವುದಕ್ಕಿಂತ ಒಂದೇ ಸಲ ವಿವರವಾಗಿ ಬರೆದುಬಿಡೋಣ ಅಂತ ಕೂತಿದ್ದೇನೆ.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಯಾಕಂದ್ರೆ ನನಗೆ ಇದೇ ಮುಖ್ಯ. ಹಳೆ ಕಾಗದದ ಅಲಂಕಾರ ಅಂತ ಹುಡುಕಿದರೆ ನೂರಾರು ವಿಡಿಯೋ ಸಿಗುತ್ತವೆ. ಅದರಲ್ಲಿ ಅರ್ಧಕ್ಕರ್ಧ ವಿಡಿಯೋಗಳಲ್ಲಿ ಒಳ್ಳೆಯ ನ್ಯೂಸ್‌ಪೇಪರ್ ತಗೊಂಡು ಅದರ ಮೇಲೆ ಚಿನ್ನದ ಬಣ್ಣದ ಸ್ಪ್ರೇ ಹೊಡೆದು, ಮಿನುಗುಪುಡಿ ಉದುರಿಸಿ, ಬಿಸಿ ಗ್ಲೂ ಗನ್‌ನಿಂದ ಪ್ಲಾಸ್ಟಿಕ್ ಮುತ್ತು ಅಂಟಿಸುತ್ತಾರೆ. ನೋಡಲು ಚೆಂದ, ಇಲ್ಲ ಅನ್ನುವುದಿಲ್ಲ. ಆದರೆ ಅಲ್ಲಿಗೆ ಅದು ಕಾಗದವಾಗಿ ಉಳಿಯುವುದಿಲ್ಲ. ಮಿನುಗುಪುಡಿ ಅಂದರೆ ಸಾಮಾನ್ಯವಾಗಿ ಸಣ್ಣ ಸಣ್ಣ ಪ್ಲಾಸ್ಟಿಕ್ ಚೂರು. ಅದು ಹತ್ತಿದ ಕಾಗದವನ್ನು ಮತ್ತೆ ತಿರುಳು ಮಾಡುವುದು ಕಷ್ಟ. ಗುಜರಿಗೆ ಹೋಗಿ ಮತ್ತೆ ಕಾಗದವಾಗಿ ಬರಬೇಕಿದ್ದ ಪೇಪರನ್ನು ನಾವೇ ಕಸ ಮಾಡಿದ ಹಾಗಾಯ್ತು, ಅಲ್ವಾ? ಹಾಗಾಗಿ ನಮ್ಮ ಮನೆಯಲ್ಲಿ ಒಂದೇ ಕಟ್ಟುಪಾಡು. ಏನೇ ಮಾಡಿದರೂ ಹಬ್ಬ ಮುಗಿದ ಮೇಲೆ ಅದು ಪುನಃ ರದ್ದಿಗೆ ಸೇರುವಂತಿರಬೇಕು, ಇಲ್ಲದಿದ್ದರೆ ಮುಂದಿನ ವರ್ಷಕ್ಕೆ ಎತ್ತಿಡುವಂತಿರಬೇಕು, ಅದೂ ಆಗದಿದ್ದರೆ ಮಣ್ಣಿಗೆ ಸೇರುವಂತಿರಬೇಕು.

ಕಾಗದದ ನಾರು ಒಂದೊಂದು ಸಲ ತಿರುಳಾದಾಗಲೂ ಸ್ವಲ್ಪ ಗಿಡ್ಡವಾಗುತ್ತದೆ. ಸುಮಾರು 5ರಿಂದ 7 ಸಲ ಹೀಗೆ ಸುತ್ತಿ ಬರಬಹುದು, ಆಮೇಲೆ ಹಿಡಿತ ಇರುವುದಿಲ್ಲ. ನಮ್ಮ ಕೈಗೆ ಬಂದ ಪೇಪರ್ ಆ ಸುತ್ತಿನ ಮಧ್ಯದಲ್ಲಿ ಎಲ್ಲೋ ಇರುತ್ತದೆ. ಅದನ್ನು ನಾಲ್ಕು ವಾರ ಮನೆಯಲ್ಲಿಟ್ಟು ಚೆಂದ ನೋಡಿ ವಾಪಸ್ ಕಳಿಸಿದರೆ ಯಾರಿಗೂ ನಷ್ಟವಿಲ್ಲ.

ಥರ್ಮಾಕೋಲ್ ಬಗ್ಗೆಯೂ ಹೇಳಬೇಕು. ನಾವು ಚಿಕ್ಕವರಿದ್ದಾಗ ಗೋದಲಿಗೆ ಥರ್ಮಾಕೋಲ್ ಇಲ್ಲದೆ ಆಗುತ್ತಲೇ ಇರಲಿಲ್ಲ. ಈಗ ಅಲಂಕಾರದ ಥರ್ಮಾಕೋಲ್‌ಗೆ ದೇಶದಲ್ಲೇ ನಿಷೇಧ ಇದೆ. 2022ರ ಜುಲೈ 1ರಿಂದ ಜಾರಿಗೆ ಬಂದ ಒಂದೇ ಸಲ ಬಳಸುವ ಪ್ಲಾಸ್ಟಿಕ್ ಸಾಮಾನುಗಳ ಪಟ್ಟಿಯಲ್ಲಿ ಸ್ಟ್ರಾ, ಪ್ಲಾಸ್ಟಿಕ್ ಚಮಚದ ಜೊತೆಗೆ ಅಲಂಕಾರದ ಥರ್ಮಾಕೋಲ್ ಕೂಡ ಇದೆ. ತುಂಬಾ ಜನರಿಗೆ ಇದು ಗೊತ್ತೇ ಇಲ್ಲ.

ಸರಿ, ಕೆಲಸಕ್ಕೆ ಬರೋಣ.

ಎಲ್ಲ ಕಾಗದವೂ ಎಲ್ಲ ಕೆಲಸಕ್ಕೂ ಆಗುವುದಿಲ್ಲ. ಇದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ನಮ್ಮ ಮನೆಯ ಅಟ್ಟದಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇದೆ. ವರ್ಷವಿಡೀ ಅದಕ್ಕೆ ಕಾಗದ ಬೀಳುತ್ತಾ ಇರುತ್ತದೆ. ಮದುವೆ ಕಾಗದ, ಹಳೆ ಕ್ಯಾಲೆಂಡರ್, ಶೂ ಡಬ್ಬದೊಳಗಿನ ತೆಳು ಕಾಗದ, ಸೀರೆ ಪೆಟ್ಟಿಗೆಯ ಕಾಗದ, ಮಕ್ಕಳ ನೋಟ್‌ಬುಕ್‌ನ ಬರೆಯದೆ ಉಳಿದ ಹಾಳೆ, ಬೇಕರಿಯ ಕಂದು ಚೀಲ, ಪಾರ್ಸೆಲ್‌ನೊಳಗೆ ಮುದ್ದೆ ಮಾಡಿ ತುಂಬಿಸಿದ ಕಂದು ಕಾಗದ. ನವೆಂಬರ್ ಕೊನೆಯಲ್ಲಿ, ಆಗಮನ ಕಾಲ (ಕ್ರಿಸ್ಮಸ್‌ಗೆ ಮೊದಲಿನ ಸಿದ್ಧತೆಯ ವಾರಗಳು) ಶುರುವಾಗುವ ಹೊತ್ತಿಗೆ, ಅದನ್ನೆಲ್ಲ ನೆಲಕ್ಕೆ ಸುರಿದು ಬೇರೆ ಬೇರೆ ಮಾಡುತ್ತೇವೆ. ಅಕ್ಕನ ಮಕ್ಕಳಿಗೆ ಆ ದಿನವೇ ಹಬ್ಬ.

ಬೇರೆ ಮಾಡುವುದು ಕೈಯಿಂದಲೇ ಗೊತ್ತಾಗುತ್ತದೆ. ಒಂದು ಮೂಲೆ ಹರಿದು ನೋಡಿ. ಹರಿದ ಅಂಚಿನಲ್ಲಿ ನಾರು ಕಂಡರೆ ಕಾಗದ. ತೆಳು ಪೊರೆಯೊಂದು ಎಳೆದುಕೊಂಡು ಬಂದರೆ ಅದರ ಮೇಲೆ ಪ್ಲಾಸ್ಟಿಕ್ ಇದೆ. ಮುಷ್ಟಿಯಲ್ಲಿ ಮುದ್ದೆ ಮಾಡಿ ಬಿಟ್ಟಾಗ ಮುದ್ದೆಯಾಗಿಯೇ ಉಳಿದರೆ ಕಾಗದ, ತಾನಾಗಿ ಬಿಚ್ಚಿಕೊಂಡರೆ ಅದನ್ನು ಪಕ್ಕಕ್ಕಿಡಿ. ಅಂಗಡಿಯ ಬಿಲ್ಲು, ಎಟಿಎಂ ಚೀಟಿ ಇವು ಯಾವತ್ತೂ ಬೇಡ. ಅವು ಶಾಖದಿಂದ ಅಕ್ಷರ ಮೂಡುವ ಕಾಗದ, ಮೇಲೆ ರಾಸಾಯನಿಕದ ಲೇಪ ಇರುತ್ತದೆ, ಮಕ್ಕಳ ಕೈಗೆ ಕೊಡುವಂಥದ್ದಲ್ಲ.

ಇನ್ನೊಂದು ಪರೀಕ್ಷೆ ಇದೆ. ನನಗೆ ತುಂಬಾ ಇಷ್ಟದ್ದು. ನ್ಯೂಸ್‌ಪೇಪರನ್ನು ಮೇಲಿಂದ ಕೆಳಕ್ಕೆ ಹರಿಯಿರಿ, ಸ್ಕೇಲ್ ಇಟ್ಟ ಹಾಗೆ ನೇರ ಬರುತ್ತದೆ. ಅಡ್ಡ ಹರಿಯಿರಿ, ಎಲ್ಲೆಲ್ಲಿಗೋ ಓಡುತ್ತದೆ. ಕಾಗದ ಯಂತ್ರದಲ್ಲಿ ಓಡುವಾಗ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ, ಅದಕ್ಕೇ ಹೀಗೆ. ಯಾವುದೇ ಕಾಗದವನ್ನು ನಾರಿನ ಉದ್ದಕ್ಕೆ ಮಡಚಿದರೆ ಮಡಿಕೆ ಚೂಪಾಗಿ ಕೂರುತ್ತದೆ. ಅಡ್ಡಕ್ಕೆ ಮಡಚಿದರೆ ಬಿರುಕು ಬಿಡುತ್ತದೆ, ದಪ್ಪ ಕಾಗದದಲ್ಲಂತೂ ಎದ್ದು ಕಾಣುತ್ತದೆ. ಪಟ್ಟಿ ಕತ್ತರಿಸುವ ಮೊದಲು ಇದನ್ನೊಮ್ಮೆ ನೋಡಿಕೊಳ್ಳಿ. ಬೇರೆ ಏನೂ ಮಾಡದಿದ್ದರೂ ಮಾಲೆ ನೀಟಾಗಿ ಬರುತ್ತದೆ.

ಅಂಟು ಮನೆಯಲ್ಲೇ. ಎರಡು ಚಮಚ ಮೈದಾವನ್ನು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಒಂದು ಲೋಟ ನೀರು ಸೇರಿಸಿ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುಗಿಸಿ. ಬಿಳಿ ಹೋಗಿ ಸ್ವಲ್ಪ ಪಾರದರ್ಶಕವಾದಾಗ ಇಳಿಸಿ. ಮೊದಲೆಲ್ಲ ಪುಸ್ತಕ ಬೈಂಡ್ ಮಾಡುವವರು ಹುಳ ಬರದಿರಲಿ ಅಂತ ಇದಕ್ಕೆ ಮೈಲುತುತ್ತು ಹಾಕುತ್ತಿದ್ದರು. ಅದು ವಿಷ. ಮಕ್ಕಳು ಇರುವ ಮನೆಯಲ್ಲಿ ದಯವಿಟ್ಟು ಹಾಕಬೇಡಿ. ನಮ್ಮಲ್ಲಿ ಮೆಂತ್ಯ ಹಾಕುತ್ತೇವೆ. ರಾತ್ರಿ ನೆನೆಸಿ ಬೆಳಿಗ್ಗೆ ನುಣ್ಣಗೆ ಅರೆದು ಅಂಟಿಗೆ ಬೆರೆಸುವುದು. ಹಿಂದೆ ಹಳ್ಳಿಗಳಲ್ಲಿ ಬಿದಿರಿನ ಮೊರ, ಬುಟ್ಟಿಗಳಿಗೆ ಹಳೆ ಕಾಗದ ಮತ್ತು ಮೆಂತ್ಯ ಅರೆದು ಬಳಿಯುತ್ತಿದ್ದರಲ್ಲ, ಅದೇ ಬುದ್ಧಿ. ಮೆಂತ್ಯದ ಲೋಳೆ ಒಳ್ಳೆ ಅಂಟು, ಅದರ ಕಹಿಗೆ ಹುಳವೂ ಬೇಗ ಬರುವುದಿಲ್ಲ. ನಮ್ಮ ಅಜ್ಜಿ ಹೇಳಿಕೊಟ್ಟದ್ದು ಇದು. ಒಂದೇ ತೊಂದರೆ, ಒಂದೆರಡು ದಿನ ಮನೆಯೆಲ್ಲ ಮೆಂತ್ಯದ ವಾಸನೆ. ಒಣಗಿದ ಮೇಲೆ ಹೋಗುತ್ತದೆ.

ಈಗ ನಕ್ಷತ್ರ. ಕರಾವಳಿಯಲ್ಲಿ ಇದು ಹೆಚ್ಚು ಸುಲಭ, ಯಾಕಂದ್ರೆ ನಮ್ಮಲ್ಲಿ ದೀಪಾವಳಿಗೆ ಗೂಡುದೀಪ ಕಟ್ಟುವ ಅಭ್ಯಾಸ ಇದೆ. ಬಿದಿರ ಕಡ್ಡಿ, ಬಣ್ಣದ ಕಾಗದ, ಒಳಗೆ ದೀಪ. ಮಂಗಳೂರಿನ ಕುದ್ರೋಳಿಯಲ್ಲಿ ದೀಪಾವಳಿ ಸಮಯದಲ್ಲಿ ಗೂಡುದೀಪ ಸ್ಪರ್ಧೆಯೇ ನಡೆಯುತ್ತದೆ, ಭತ್ತ, ಕಡ್ಡಿ, ಕಾಗದ ಅಂತ ಏನೇನರಿಂದಲೋ ಮಾಡಿರುತ್ತಾರೆ, ನೋಡಿದರೆ ಕಣ್ಣು ಕೀಳಲು ಮನಸ್ಸಾಗುವುದಿಲ್ಲ. ಗೂಡುದೀಪ ಕಟ್ಟಲು ಬಂದವರಿಗೆ ಕ್ರಿಸ್ಮಸ್ ನಕ್ಷತ್ರ ಕಷ್ಟವೇ ಅಲ್ಲ, ಕೈಗೆ ಅದೇ ಕೆಲಸ. ನಮ್ಮ ಪಕ್ಕದ ಮನೆಯ ಅಕ್ಕ ಒಂದು ವರ್ಷ ದೀಪಾವಳಿ ಮುಗಿದ ಮೇಲೆ ಅವರ ಗೂಡುದೀಪವನ್ನು ಬೇಲಿಯ ಮೇಲಿಂದಲೇ ಕೊಟ್ಟರು. "ಕಾಗದ ಮಾತ್ರ ಹರಿದದ್ದು ಮಗಾ, ಕಡ್ಡಿ ಗಟ್ಟಿ ಉಂಟು. ನಿಮ್ಮ ನಕ್ಷತ್ರಕ್ಕೆ ಆಗ್ತದಾ ನೋಡು" ಅಂದರು. ಆಗದೆ ಏನು! ಬಿಚ್ಚಿ ಅದೇ ಕಡ್ಡಿಯಲ್ಲಿ ಕಟ್ಟಿದೆವು. ಆಮೇಲೆ ಅದು ಪ್ರತಿವರ್ಷದ ಪದ್ಧತಿಯಾಗಿದೆ. ಅವರ ಗೂಡುದೀಪದ ಕಡ್ಡಿ ಡಿಸೆಂಬರ್‌ನಲ್ಲಿ ನಮ್ಮಲ್ಲಿಗೆ ಬರುತ್ತದೆ, ಇಲ್ಲಿಂದ ಅವರ ಮನೆಗೆ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳು, ಹೋಗುತ್ತದೆ.

ಕಡ್ಡಿ ಇಲ್ಲದವರು ಬಿದಿರು ಅಥವಾ ಅಡಿಕೆ ದಬ್ಬೆ ಸೀಳಿಕೊಳ್ಳಿ. ಬಾಗಬೇಕು, ಮುರಿಯಬಾರದು, ಅಷ್ಟು ತೆಳುವಿದ್ದರೆ ಸಾಕು. 60 ಸೆಂಟಿಮೀಟರಿನ 10 ಕಡ್ಡಿ, 10 ಸೆಂಟಿಮೀಟರಿನ 5 ತುಂಡು ಬೇಕು. ಅಳತೆಯ ಗುಟ್ಟು ಇಲ್ಲಿದೆ. ಪ್ರತಿ ಉದ್ದ ಕಡ್ಡಿಯ ಎರಡೂ ತುದಿಯಿಂದ 23 ಸೆಂಟಿಮೀಟರಿಗೆ ಪೆನ್ಸಿಲ್‌ನಿಂದ ಗುರುತು ಹಾಕಿ. ಮಧ್ಯೆ 14 ಉಳಿಯುತ್ತದೆ. ಐದು ಮೂಲೆ ನಕ್ಷತ್ರದಲ್ಲಿ ಕಡ್ಡಿಗಳು ಒಂದನ್ನೊಂದು ದಾಟುವುದು ಸರಿಯಾಗಿ ಆ ಗುರುತಿನಲ್ಲೇ. ಬೇರೆ ಅಳತೆಯ ನಕ್ಷತ್ರ ಬೇಕಾದರೆ ಕಡ್ಡಿಯ ಉದ್ದವನ್ನು 0.38ರಿಂದ ಗುಣಿಸಿ, ಅಷ್ಟೇ. ಗುರುತು ಹಾಕದೆ ಅಂದಾಜಿನಲ್ಲಿ ಕಟ್ಟಿದರೆ ಒಂದು ಕಾಲು ಉದ್ದ ಒಂದು ಕಾಲು ಗಿಡ್ಡ ಆಗುತ್ತದೆ, ಆಮೇಲೆ ಎಷ್ಟು ಎಳೆದರೂ ಸರಿ ಬರುವುದಿಲ್ಲ.

ಐದು ಕಡ್ಡಿಯನ್ನು ನೆಲದ ಮೇಲೆ ನಕ್ಷತ್ರದ ಆಕಾರಕ್ಕೆ ಇಡಿ. ಒಂದು ಕಡ್ಡಿಯ ಮೇಲೆ, ಮುಂದಿನದರ ಕೆಳಗೆ, ಹೀಗೆ ಹೆಣೆಯುತ್ತಾ ಹೋದರೆ ದಾರ ಕಟ್ಟುವ ಮೊದಲೇ ಅದು ತನ್ನಷ್ಟಕ್ಕೆ ನಿಲ್ಲುತ್ತದೆ. ಐದು ತುದಿಗಳನ್ನೂ ಐದು ಗುರುತುಗಳನ್ನೂ ನೂಲಿನಿಂದ ಬಿಗಿಯಾಗಿ ಕಟ್ಟಿ. ಹೀಗೆ ಎರಡು ನಕ್ಷತ್ರ. ಒಂದರ ಮೇಲೊಂದು ಇಟ್ಟು ತುದಿಗಳನ್ನು ಮಾತ್ರ ಸೇರಿಸಿ ಕಟ್ಟಿ. ಈಗ ಮಧ್ಯದ ಐದು ಗುರುತಿನ ಜಾಗದಲ್ಲಿ ಎರಡರ ನಡುವೆ ಸಣ್ಣ ತುಂಡುಗಳನ್ನು ಒಂದೊಂದಾಗಿ ನಿಲ್ಲಿಸುತ್ತಾ ಬನ್ನಿ. ಮೊದಲ ತುಂಡು ಇಟ್ಟಾಗ ಏನೂ ಅನಿಸುವುದಿಲ್ಲ. ಮೂರನೆಯದಕ್ಕೆ ಕಡ್ಡಿಗಳು ಕಿರ್ ಅನ್ನುತ್ತವೆ. ಐದನೆಯದು ಒಳಗೆ ಕೂತ ಕೂಡಲೇ ಚಪ್ಪಟೆ ಇದ್ದದ್ದು ಉಬ್ಬಿ ನಿಂತು, ಇಡೀ ಚೌಕಟ್ಟು ಬಿಗಿಯಾಗಿ, ಬೆರಳಿಂದ ತಟ್ಟಿದರೆ ಟಣ್ ಅನ್ನುತ್ತದೆ. ಮಕ್ಕಳು ಚಪ್ಪಾಳೆ ತಟ್ಟುವುದು ಇದೇ ಹೊತ್ತಿಗೆ.

ಕಾಗದ ಯಾವುದು ಅಂದರೆ, ಶೂ ಡಬ್ಬ ಮತ್ತು ಸೀರೆ ಪೆಟ್ಟಿಗೆಯ ತೆಳು ಕಾಗದ. ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಬೆಳಕು ಹಾಲಿನಂತೆ ಹರಡುತ್ತದೆ. ನ್ಯೂಸ್‌ಪೇಪರೂ ಆಗುತ್ತದೆ, ಆದರೆ ಬೆಳಕು ಮಂಕು, ಎರಡೂ ಬದಿಯ ಅಕ್ಷರ ಒಟ್ಟಿಗೆ ಕಂಡು ಕಲಸಿದ ಹಾಗೆ ಇರುತ್ತದೆ. ಕೆಲವರು ಕಾಗದಕ್ಕೆ ತೆಂಗಿನೆಣ್ಣೆ ಸವರುತ್ತಾರೆ, ಬೆಳಕು ಚೆನ್ನಾಗಿ ಹಾಯುತ್ತದೆ ನಿಜ. ಆದರೆ ಎಣ್ಣೆ ಹಿಡಿದ ಕಾಗದ ರದ್ದಿಗೆ ಆಗುವುದಿಲ್ಲ, ಇರುವೆ ಬರುತ್ತದೆ, ಬೆಂಕಿಗೂ ಬೇಗ ಸಿಗುತ್ತದೆ. ಬೇಡ.

ಕಾಲುಗಳಿಗೆ ಎರಡು ಬಗೆಯ ತ್ರಿಕೋನ ಬೇಕು. ಎದುರು ಮತ್ತು ಹಿಂದಿನ ಮುಖಕ್ಕೆ ಬುಡ 14, ಬದಿಗಳು 23 ಇರುವ ಹತ್ತು. ಪಕ್ಕಗಳಿಗೆ ಬುಡ 10, ಬದಿಗಳು 23 ಇರುವ ಹತ್ತು. ಸುತ್ತಲೂ ಒಂದು ಸೆಂಟಿಮೀಟರ್ ಅಂಟಿಗೆ ಬಿಡಿ. ಮಧ್ಯಕ್ಕೆ ಒಂದು ಪಂಚಕೋನ, ಎದುರಿಗೆ ಮಾತ್ರ. ಹಿಂದಿನ ಪಂಚಕೋನ ತೆರೆದೇ ಇರಲಿ, ಬಲ್ಬ್ ಹಾಕಲು ಮತ್ತು ಬಿಸಿ ಹೊರಗೆ ಹೋಗಲು. ಅಂಟನ್ನು ಕಡ್ಡಿಗೆ ಹಚ್ಚಿ, ಕಾಗದಕ್ಕಲ್ಲ. ತೆಳು ಕಾಗದಕ್ಕೆ ಹಚ್ಚಿದರೆ ಕೈಗೇ ಸುತ್ತಿಕೊಳ್ಳುತ್ತದೆ. ಅಂಟಿಸಿದಾಗ ಅಲ್ಲಲ್ಲಿ ಸುಕ್ಕು ಇರುತ್ತದೆ, ತಲೆಬಿಸಿ ಬೇಡ. ಪೂರ್ತಿ ಒಣಗಿದ ಮೇಲೆ ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ದೂರದಿಂದ ಮಂಜಿನಷ್ಟು ನೀರು ಹಾಯಿಸಿ. ಮೊದಲು ಕಾಗದ ಜೋತುಬೀಳುತ್ತದೆ, ಹಾಳಾಯ್ತು ಅನಿಸುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ಒಣಗುತ್ತಾ ಒಣಗುತ್ತಾ ಸುಕ್ಕೆಲ್ಲ ಹೋಗಿ ಬಿಗಿಯಾಗುತ್ತದೆ. ಕಾಗದ ಒದ್ದೆಯಾದಾಗ ಹಿಗ್ಗಿ, ಒಣಗುವಾಗ ಕುಗ್ಗುವುದರಿಂದ ಹೀಗೆ.

ಬಲ್ಬ್ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಹಳೆಯ 40 ವಾಟ್, 60 ವಾಟ್ ತಂತಿ ಬಲ್ಬು ಕೈ ಸುಡುವಷ್ಟು ಕಾಯುತ್ತದೆ, ಕಾಗದದ ಒಳಗೆ ಅದನ್ನು ಇಡಲೇಬೇಡಿ. 5 ವಾಟ್ ಎಲ್‌ಇಡಿ ಸಾಕು. ಹೋಲ್ಡರಿನ ವೈರನ್ನು ಕಡ್ಡಿಗೆ ಕಟ್ಟಿ, ಭಾರ ಕಾಗದದ ಮೇಲೆ ಬೀಳಬಾರದು. ಮೇಣದಬತ್ತಿಯ ಯೋಚನೆಯೂ ಬೇಡ. ಡಿಸೆಂಬರ್‌ನಲ್ಲಿ ನಮ್ಮ ಕಡೆ ಮಳೆ ಇರುವುದು ಕಡಿಮೆ, ಆದರೆ ಬೆಳಗಿನ ಜಾವ ಇಬ್ಬನಿ ಬೀಳುತ್ತದೆ. ಹಾಗಾಗಿ ಮರಕ್ಕೆ ಕಟ್ಟುವ ಬದಲು ಮಾಡಿನ ಕೆಳಗೆ, ಸಿಟೌಟ್‌ನಲ್ಲಿ ಕಟ್ಟಿದರೆ ಹಬ್ಬದ ತನಕ ಗಟ್ಟಿ ಇರುತ್ತದೆ.

ಕಾಗದದ ನಕ್ಷತ್ರಕ್ಕೂ ಗಣಿತಕ್ಕೂ ನಂಟು ಹಳೆಯದು. ಜರ್ಮನಿಯ ಮೊರೇವಿಯನ್ ಚರ್ಚಿನವರ ನಕ್ಷತ್ರ ಅಂತ ಒಂದಿದೆ, ಎಲ್ಲ ದಿಕ್ಕಿಗೂ ಮುಳ್ಳಿನ ಹಾಗೆ ಚಾಚಿದ 25 ಮೂಲೆ ಇರುತ್ತದೆ. 1830ರ ದಶಕದಲ್ಲಿ ನೀಸ್ಕಿ ಎಂಬ ಊರಿನ ಹುಡುಗರ ಶಾಲೆಯಲ್ಲಿ ರೇಖಾಗಣಿತದ ಪಾಠವಾಗಿ ಅದು ಹುಟ್ಟಿದ್ದು. ನಮ್ಮ ಅಕ್ಕನ ಮಗನಿಗೂ ಲೆಕ್ಕ ಅಂದರೆ ಆಗುವುದಿಲ್ಲ. ಆದರೆ 60ರ ಬದಲು 45 ಸೆಂಟಿಮೀಟರಿನ ಕಡ್ಡಿಗೆ ಗುರುತು ಎಲ್ಲಿ ಬರುತ್ತದೆ ಅಂತ ಅವನೇ ಲೆಕ್ಕ ಹಾಕಿ ಅಳೆದು, ತನ್ನ ನಕ್ಷತ್ರ ತಾನೇ ಕಟ್ಟಿದ. 17 ಸೆಂಟಿಮೀಟರ್. ಆ ದಿನ ಅವನ ಮುಖ ನೋಡಬೇಕಿತ್ತು.

ಮದುವೆ ಕಾಗದದ ಚೆಂಡು ನನಗೆ ನಕ್ಷತ್ರದಷ್ಟೇ ಇಷ್ಟ. ಈಗಿನ ಮದುವೆ ಕಾಗದ ಎಷ್ಟು ದಪ್ಪ, ಎಷ್ಟು ಬಣ್ಣ! ಓದಿ ಒಂದು ತಿಂಗಳಿಗೆ ಎಸೆಯಲು ಮನಸ್ಸೇ ಬರುವುದಿಲ್ಲ. ಒಂದು ವಿಷಯ ಮಾತ್ರ ಗಮನಿಸಿ. ಅದರಲ್ಲಿ ಗಣಪತಿ ಇರುತ್ತಾನೆ, ಶಿಲುಬೆ ಇರುತ್ತದೆ, ಬೈಬಲ್ ವಾಕ್ಯ ಅಥವಾ ಬಿಸ್ಮಿಲ್ಲಾ ಇರುತ್ತದೆ. ಆ ಭಾಗವನ್ನು ಮೊದಲು ಬೇರೆ ತೆಗೆದು ಒಂದು ಲಕೋಟೆಯಲ್ಲಿ ಇಡುತ್ತೇವೆ. ಯಾರ ದೇವರಿಗೂ ಕತ್ತರಿ ಹಾಕುವುದು ಬೇಡ.

ಉಳಿದ ಭಾಗದ ಮೇಲೆ ಬಳೆ ಇಟ್ಟು 20 ವೃತ್ತ ಎಳೆದು ಕತ್ತರಿಸಿ. ಒಂದು ವೃತ್ತದಲ್ಲಿ ಮಾತ್ರ ಕೈವಾರದಿಂದ ತ್ರಿಜ್ಯದ ಅಳತೆಯಲ್ಲೇ ಅಂಚಿನ ಸುತ್ತ ಆರು ಗುರುತು ಹಾಕಿ, ಒಂದು ಬಿಟ್ಟು ಒಂದನ್ನು ಸೇರಿಸಿದರೆ ಸಮ ತ್ರಿಕೋನ ಬರುತ್ತದೆ. ಅದನ್ನು ಕತ್ತರಿಸಿ ಅಚ್ಚಾಗಿ ಇಟ್ಟುಕೊಂಡು, ರೀಫಿಲ್ ಮುಗಿದ ಪೆನ್ನಿನಿಂದ ಉಳಿದ ವೃತ್ತಗಳ ಮೇಲೆ ಒತ್ತಿ ಗೆರೆ ಎಳೆಯಿರಿ. ಅಚ್ಚಾಗಿ ಹೋದ ವೃತ್ತಕ್ಕೆ ಬದಲು ಇನ್ನೊಂದು ಕತ್ತರಿಸಿಕೊಳ್ಳಿ. ಗೆರೆಯ ಮೇಲೆ ಮಡಚಿದರೆ ಪ್ರತಿ ವೃತ್ತಕ್ಕೂ ಮೂರು ರೆಕ್ಕೆ. ರೆಕ್ಕೆಗೆ ರೆಕ್ಕೆ ಅಂಟಿಸುತ್ತಾ ಐದು ವೃತ್ತದ ಒಂದು ಟೋಪಿ, ಇನ್ನೈದರ ಇನ್ನೊಂದು ಟೋಪಿ, ಉಳಿದ ಹತ್ತು ಸೇರಿ ನಡುವಿನ ಪಟ್ಟಿ. ಪಟ್ಟಿಯಲ್ಲಿ ತ್ರಿಕೋನಗಳು ಒಂದು ಮೇಲೆ, ಒಂದು ಕೆಳಗೆ ಮುಖ ಮಾಡಬೇಕು. ಟೋಪಿ ಎರಡನ್ನೂ ಪಟ್ಟಿಗೆ ಕೂರಿಸಿದರೆ ಚೆಂಡು ಸಿದ್ಧ. ಅಂಟು ಹಿಡಿಯುವ ತನಕ ಬಟ್ಟೆ ಒಣಗಿಸುವ ಕ್ಲಿಪ್ ಹಾಕಿಡಿ. ಒಂದು ಚೆಂಡಿನಲ್ಲಿ ಎಷ್ಟೋ ಮದುವೆಗಳ ಬಣ್ಣ ಸೇರಿರುತ್ತದೆ. ನೆಂಟರು ಬಂದಾಗ ಇದು ನಮ್ಮದಲ್ವಾ ಅಂತ ಹುಡುಕಿ ಗುರುತು ಹಿಡಿಯುತ್ತಾರೆ.

ಚೆಂಡುಗಳನ್ನು ಗಾಳಿಮರದ ಗೆಲ್ಲಿಗೆ ತೂಗುಹಾಕುತ್ತೇವೆ. ಕರಾವಳಿಯಲ್ಲಿ ತುಂಬಾ ಮನೆಗಳಲ್ಲಿ ಕ್ರಿಸ್ಮಸ್ ಮರ ಅಂದರೆ ಅದೇ, ಮರಳು ತುಂಬಿದ ಬಕೆಟಿನಲ್ಲಿ ನಿಲ್ಲಿಸಿದ ಒಂದು ಗೆಲ್ಲು. ಬಿದ್ದ ಗೆಲ್ಲು ಸಿಕ್ಕಿದರೆ ಮಾತ್ರ ತನ್ನಿ, ಮರ ಕಡಿಯಬೇಡಿ.

ಉಳಿದ ಸಣ್ಣಪುಟ್ಟದ್ದು ಬೇಗ ಹೇಳುತ್ತೇನೆ. ಕ್ಯಾಲೆಂಡರ್ ಹಾಳೆಯ ಉದ್ದ ಪಟ್ಟಿಗಳಿಂದ ಫ್ರೋಬೆಲ್ ನಕ್ಷತ್ರ ಮಾಡಬಹುದು, ಅಂಟು ಬೇಕಿಲ್ಲ, ನಾಲ್ಕು ಪಟ್ಟಿ ಹೆಣೆದು ಮಡಚುವುದು. ಕಿಂಡರ್‌ಗಾರ್ಟನ್ ಶುರು ಮಾಡಿದ ಜರ್ಮನಿಯ ಫ್ರೋಬೆಲ್ ಹೆಸರಿನದು. ಪಟ್ಟಿ ಅಗಲದ 30 ಪಟ್ಟು ಉದ್ದ ಇರಲಿ, ಒಂದೂವರೆ ಸೆಂಟಿಮೀಟರ್ ಅಗಲಕ್ಕೆ 45. ಡೆನ್ಮಾರ್ಕಿನವರು ಎರಡು ಬಣ್ಣದ ಕಾಗದ ಹೆಣೆದು ಹೃದಯದ ಆಕಾರದ ಪುಟ್ಟ ಬುಟ್ಟಿ ಮಾಡಿ ಮರಕ್ಕೆ ಕಟ್ಟುತ್ತಾರೆ. ಮಕ್ಕಳ ಕಥೆಗಳ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1860ರಲ್ಲಿ ಮಾಡಿದ ಅಂಥ ಒಂದು ಹೃದಯ ಇನ್ನೂ ಉಳಿದಿದೆ. ಮ್ಯಾಗಜೀನ್ ಹೊದಿಕೆಯಿಂದ ಇದು ಚೆನ್ನಾಗಿ ಬರುತ್ತದೆ, ಹತ್ತು ವರ್ಷದ ಮಕ್ಕಳು ಆರಾಮಾಗಿ ಮಾಡುತ್ತಾರೆ. ಅದಕ್ಕಿಂತ ಚಿಕ್ಕವರಿಗೆ ಬಳೆಗೆ ಬಳೆ ಪೋಣಿಸಿದ ಹಾಗೆ ಮಾಡುವ ಕಾಗದದ ಸರಪಳಿಯೇ ಸರಿ.

ಸರಪಳಿಗೆ ನಾನು ಕನ್ನಡ ಪೇಪರನ್ನೇ ಆರಿಸುವುದು. ಭಾನುವಾರದ ಪುರವಣಿಯ ದೊಡ್ಡ ತಲೆಬರಹಗಳ ಭಾಗ ಹೊರಕ್ಕೆ ಬರುವಂತೆ ಪಟ್ಟಿ ಕತ್ತರಿಸಿದರೆ ನಮ್ಮ ದುಂಡು ಅಕ್ಷರಗಳು ಒಂದೊಂದು ಉಂಗುರದಲ್ಲಿ ಎಷ್ಟು ಚೆಂದ ಕೂರುತ್ತವೆ ಅಂತೀರಿ! ಬೇರೆ ಬಣ್ಣವೇ ಬೇಡ. ಮಂಗಳೂರಿನಲ್ಲಿ ಕೂತು ಈ ಕೆಲಸ ಮಾಡುವಾಗ ನನಗೆ ಇನ್ನೊಂದು ಖುಷಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂದದ್ದು ಇದೇ ಊರಿನಿಂದ, 1843ರ ಜುಲೈ 1ರಂದು, ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕರು. ಅದೇ 1843ರಲ್ಲಿ ಲಂಡನ್‌ನಲ್ಲಿ ಹೆನ್ರಿ ಕೋಲ್ ಎಂಬವರು ಮೊದಲ ಬಾರಿಗೆ ಕ್ರಿಸ್ಮಸ್ ಕಾರ್ಡ್ ಅಚ್ಚು ಹಾಕಿಸಿ ಮಾರಿದರು. ಸರಪಳಿಯ ನಡುನಡುವೆ ಹಳೆ ಕ್ರಿಸ್ಮಸ್ ಕಾರ್ಡಿನ ಒಂದೊಂದು ತುಂಡು ಸೇರಿಸುತ್ತೇನೆ. ಅಪ್ಪ ಕೊಲ್ಲಿಯಲ್ಲಿ ಕೆಲಸದಲ್ಲಿದ್ದಾಗ ಕಳಿಸುತ್ತಿದ್ದ ಕಾರ್ಡುಗಳಿಗೆ ಮಾತ್ರ ಕತ್ತರಿ ಇಲ್ಲ, ಅವನ್ನು ಹಾಗೇ ಕ್ಲಿಪ್ ಹಾಕಿ ದಾರಕ್ಕೆ ತೂಗುಹಾಕುವುದು.

ಗೋದಲಿಗೆ ಬರುತ್ತೇನೆ. 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸರು ಹುಲ್ಲು, ನಿಜವಾದ ಎತ್ತು, ಕತ್ತೆ ಇಟ್ಟು ಯೇಸು ಹುಟ್ಟಿದ ಕೊಟ್ಟಿಗೆಯನ್ನು ಜನರಿಗೆ ತೋರಿಸಿದರು. ಗೋದಲಿಯ ಸಂಪ್ರದಾಯ ಹರಡಿದ್ದು ಅಲ್ಲಿಂದ. ಬಡತನದಲ್ಲಿ ಹುಟ್ಟಿದ ಮಗುವನ್ನು ನೆನೆಯುವ ಗೋದಲಿಗೆ ಹಳೆ ಕಾಗದ, ಬೈಹುಲ್ಲು, ಮಣ್ಣು ಇದಕ್ಕಿಂತ ಹೊಂದುವ ಸಾಮಾನು ಯಾವುದಿದೆ ಹೇಳಿ. ನನಗೆ ಇದು ಬರೀ ಖರ್ಚು ಉಳಿಸುವ ಮಾತಲ್ಲ, ಭಕ್ತಿಯ ಮಾತೂ ಹೌದು.

ಗುಡ್ಡ ಮಾಡಲು ಅಡಿಯಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಎತ್ತರ ತಗ್ಗಾಗಿ ಜೋಡಿಸಿ, ಸಂದುಗಳಿಗೆ ಮುದ್ದೆ ಮಾಡಿದ ನ್ಯೂಸ್‌ಪೇಪರ್ ತುಂಬಿಸಿ. ಮೇಲಕ್ಕೆ ಪಾರ್ಸೆಲ್‌ನ ಕಂದು ಕಾಗದ. ಅದನ್ನು ಮೊದಲು ಚೆನ್ನಾಗಿ ಮುದ್ದೆ ಮಾಡಿ, ಬಿಡಿಸಿ, ಪುನಃ ಮುದ್ದೆ ಮಾಡಿ ಬಿಡಿಸಿದರೆ ಬಂಡೆಯ ಗೆರೆಗಳು ತಾವಾಗಿ ಮೂಡುತ್ತವೆ. ತೆಳು ಮಾಡಿದ ಮೈದಾ ಅಂಟನ್ನು ಬ್ರಶ್‌ನಿಂದ ಹಚ್ಚಿ ಗುಡ್ಡದ ಮೇಲೆ ಹೊದಿಸಿ ಬೆರಳಲ್ಲಿ ಒತ್ತಿ. ಒಣಗಿದ ಮೇಲೆ ಗಟ್ಟಿ ಚಿಪ್ಪಾಗುತ್ತದೆ. ಬಣ್ಣಕ್ಕೆ ಕೆಂಪು ಮಣ್ಣು ಕದಡಿದ ನೀರು, ನೆರಳಿಗೆ ಇದ್ದಿಲಿನ ಪುಡಿ. ಸಿಮೆಂಟ್ ಚೀಲದ ಕಾಗದದಲ್ಲಿ ಮಾಡುವವರೂ ಇದ್ದಾರೆ, ಗುಡ್ಡ ತುಂಬಾ ಚೆನ್ನಾಗಿ ನಿಲ್ಲುತ್ತದೆ. ಆದರೆ ಸಿಮೆಂಟ್ ಧೂಳು ಕೈ, ಕಣ್ಣಿಗೆ ಒಳ್ಳೆಯದಲ್ಲ. ದೊಡ್ಡವರೇ ಹೊರಗೆ ಕೊಡವಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಆಮೇಲೆ ಒಳಗೆ ತನ್ನಿ.

ಹಸಿರಿಗೆ ಬಣ್ಣದ ಮರದ ಪುಡಿ ಬೇಡ. ಹಬ್ಬಕ್ಕೆ ಎರಡು ವಾರ ಮೊದಲು ತೆಂಗಿನ ಗೆರಟೆಗಳಲ್ಲಿ ಮಣ್ಣು ಹಾಕಿ ರಾಗಿ ಬಿತ್ತಿ, ನಿತ್ಯ ನೀರು ಚಿಮುಕಿಸಿ. ಕ್ರಿಸ್ಮಸ್ ಹೊತ್ತಿಗೆ ಬೆರಳುದ್ದ ಪೈರು ಬಂದಿರುತ್ತದೆ. ಗುಡ್ಡದ ಸಂದುಗಳಲ್ಲಿ ಗೆರಟೆ ಕೂರಿಸಿದರೆ ಗದ್ದೆಯೇ ಆಯಿತು. ಕಾಗದ ಒದ್ದೆಯಾಗದಂತೆ ಗೆರಟೆಗೆ ತೂತಿಲ್ಲ ಅಂತ ನೋಡಿಕೊಳ್ಳಿ.

ಮಾತೆ, ಜೋಸೆಫ್, ಬಾಲಯೇಸುವಿನ ಮೂರ್ತಿಗಳು ನಮ್ಮಲ್ಲಿ ಅಜ್ಜನ ಕಾಲದ ಮಣ್ಣಿನವು. ಕುರಿಗಳನ್ನು ಮಾತ್ರ ಮಕ್ಕಳು ಕಾಗದದ ತಿರುಳಿನಿಂದ ಮಾಡುತ್ತಾರೆ. ನ್ಯೂಸ್‌ಪೇಪರನ್ನು ಸಣ್ಣಗೆ ಹರಿದು ಎರಡು ದಿನ ನೆನೆಸಿ, ಕೈಯಲ್ಲೇ ಕಿವುಚಿ ಅಥವಾ ಒರಳಲ್ಲಿ ಜಜ್ಜಿ, ನೀರು ಹಿಂಡಿ, ಅರೆದ ಮೆಂತ್ಯ ಮತ್ತು ಅಂಟು ಸೇರಿಸಿ ಚಪಾತಿ ಹಿಟ್ಟಿನ ಹದಕ್ಕೆ ಕಲಸಿದರೆ ಸಾಕು. ಒಣಗುವಾಗ ಕುಗ್ಗುವುದರಿಂದ ಬೇಕಾದ್ದಕ್ಕಿಂತ ಸ್ವಲ್ಪ ದೊಡ್ಡದಾಗಿಯೇ ಮಾಡಿ. ಬಿಸಿಲಲ್ಲಿ ಮೂರು ನಾಲ್ಕು ದಿನ ಬೇಕು. ಕಾಲಿಗೆ ಹಿಡಿಸೂಡಿ ಕಡ್ಡಿ.

ಬಣ್ಣ ಬೇಕೇ ಬೇಕು ಅನ್ನುವ ಮಕ್ಕಳಿಗೆ ಅರಿಶಿನ ಕೊಡಿ. ಅರಿಶಿನ ನೀರು ಸವರಿದ ಬಿಳಿ ಕಾಗದ ಒಣಗಿದ ಮೇಲೆ, ಸುಣ್ಣದ ನೀರಲ್ಲಿ ಅದ್ದಿದ ಕಡ್ಡಿಯಿಂದ ಚಿತ್ರ ಬರೆದರೆ ಹಳದಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಓಕುಳಿ ನೀರಿನಲ್ಲಿ ಆಗುವುದೂ ಇದೇ. ಸುಣ್ಣ ಕಣ್ಣಿಗೆ ಬೀಳದಂತೆ ಪಕ್ಕದಲ್ಲಿ ದೊಡ್ಡವರು ಇರಲಿ. ಬಿಸಿಲಿಗೆ ಈ ಬಣ್ಣ ಬೇಗ ಮಾಸುತ್ತದೆ, ಹಾಗಾಗಿ ಮನೆಯೊಳಗಿನ ಅಲಂಕಾರಕ್ಕೆ ಮಾತ್ರ. ಬೀಟ್ರೂಟ್ ಬಣ್ಣ ಎರಡೇ ದಿನಕ್ಕೆ ಕಂದಾಗುತ್ತದೆ, ನನಗೆ ಅದು ಅಷ್ಟು ಹಿಡಿಸಿಲ್ಲ.

ಕುಸ್ವಾರ್ ಹಂಚುವ ಪೊಟ್ಟಣಗಳಿಗೂ ಹಳೆ ಕಾಗದ ಬಳಸುತ್ತೇವೆ, ಆದರೆ ಹೊರಗಿನಿಂದ ಮಾತ್ರ. ನ್ಯೂಸ್‌ಪೇಪರಿನ ಮಸಿ ತಿಂಡಿಗೆ ತಾಗಬಾರದು. ಆಹಾರ ಸುರಕ್ಷತಾ ಪ್ರಾಧಿಕಾರವೇ 2016ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ನೆವ್ರಿ, ಕಿಡಿಯೋ, ಗುಳಿಯೊ, ಚಕ್ಕುಲಿ ಎಲ್ಲ ಎಣ್ಣೆಯದ್ದು ಬೇರೆ. ಸ್ಟೀಲ್ ಡಬ್ಬ ಅಥವಾ ಬಾಡಿಸಿದ ಬಾಳೆಲೆಯಲ್ಲಿ ತಿಂಡಿ, ಹೊರಗೆ ಕ್ಯಾಲೆಂಡರ್ ಕಾಗದದ ಹೊದಿಕೆ, ಮೇಲೆ ಬಾಳೆನಾರು. ಡಿಸೆಂಬರ್ ಹಾಳೆ ಒಂದನ್ನು ಬಿಟ್ಟು ಉಳಿದ ಹನ್ನೊಂದು ತಿಂಗಳಿನದೂ ಅಷ್ಟು ಹೊತ್ತಿಗೆ ಖಾಲಿ ಇರುತ್ತದಲ್ಲ.

ಜನವರಿ ಮೊದಲ ವಾರದ ಮೂರು ರಾಯರ ಹಬ್ಬ ಆದ ಮೇಲೆ ಎಲ್ಲ ಬಿಚ್ಚುತ್ತೇವೆ. ನಕ್ಷತ್ರದ ಕಾಗದ ತೆಗೆದು ಕಡ್ಡಿಯ ಚೌಕಟ್ಟನ್ನು ಅಟ್ಟಕ್ಕೆ. ಚೆಂಡುಗಳು ರಟ್ಟಿನ ಪೆಟ್ಟಿಗೆಗೆ, ಜೊತೆಗೆ ನಾಲ್ಕು ಕರಿಮೆಣಸು, ಒಣಗಿದ ಬೇವಿನೆಲೆ. ಮಳೆಗಾಲದಲ್ಲಿ ನಮ್ಮಲ್ಲಿ ಬೂಷ್ಟು ಜಾಸ್ತಿ, ಹಾಗಾಗಿ ಅಡುಗೆಮನೆಯ ಮೇಲಿನ ಅಟ್ಟದಲ್ಲಿ, ಒಲೆಯ ಬಿಸಿ ತಾಗುವ ಜಾಗದಲ್ಲಿ ಇಟ್ಟರೆ ಒಳ್ಳೆಯದು. ಸರಪಳಿ ಮತ್ತು ಗೋದಲಿಯ ಒಳಗಿನ ಮುದ್ದೆ ಕಾಗದ ಗುಜರಿಗೆ. ಅಂಟು, ಮಣ್ಣು ಮೆತ್ತಿದ ಕಂದು ಕಾಗದವನ್ನು ಗುಜರಿಯವರು ತಗೊಳ್ಳುವುದಿಲ್ಲ. ಅದನ್ನು ಹರಿದು ಒದ್ದೆ ಮಾಡಿ ತೆಂಗಿನ ಬುಡಕ್ಕೆ ಹಾಕುತ್ತೇವೆ, ಮೈದಾ, ಮೆಂತ್ಯ, ಮಣ್ಣು ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ರಾಗಿ ಪೈರು ಪಕ್ಕದ ಮನೆಯ ಅಕ್ಕನ ದನಕ್ಕೆ.

ನಿಮ್ಮ ಮನೆಯಲ್ಲಿ ಬೇರೆ ಯಾವುದಾದರೂ ಕಾಗದದಿಂದ ಇಂಥದ್ದು ಮಾಡುತ್ತಿದ್ದರೆ ದಯವಿಟ್ಟು ನನಗೂ ಹೇಳಿ. ಬೇಕರಿಯ ಕಂದು ಚೀಲ ರಾಶಿ ಬಿದ್ದಿದೆ, ಅದಕ್ಕೆ ಇನ್ನೂ ಒಳ್ಳೆ ಉಪಯೋಗ ಹುಡುಕುತ್ತಾ ಇದ್ದೇನೆ.